ಆ ಹದಿನಾರು ಎಕರೆಯಲ್ಲಿ ಕಲೆಗೆಷ್ಟು ಜಾಗ?

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್‌ನ ಅವಳಿ ಗೋಪುರಗಳು ಹೊತ್ತಿ ಉರಿಯುತ್ತಿದ್ದಾಗ ಮೇಲಿನ ಅಂತಸ್ತುಗಳಲ್ಲಿ ಸಿಕ್ಕಿಬಿದ್ದಿದ್ದ ಅನೇಕರು ಬೆಂಕಿ, ಹೊಗೆ ತಾಳಲಾರದೆ ಕೆಳಕ್ಕೆ ಬಿದ್ದರು. ಹಾಗೆ ತಲೆಕೆಳಗಾಗಿ ಬೀಳುತ್ತಿದ್ದ ಒಬ್ಬ ವ್ಯಕ್ತಿಯ ಚಿತ್ರವನ್ನು ಅಸೋಸಿಯೇಟೆಡ್ ಪ್ರೆಸ್‌ನ ಛಾಯಾಗ್ರಾಹಕ ರಿಚರ್ಡ್ ಡ್ರೂ ತೆಗೆದರು. ಮರುದಿನ ಅದನ್ನು ಅಚ್ಚು ಹಾಕಿದ ಪತ್ರಿಕೆಗಳ ಮೇಲೆ ಓದುಗರು ಸಿಡಿದೆದ್ದರು. ಮೃತನ ಕೊನೆಯ ಗಳಿಗೆಯನ್ನು ಮಾರಾಟಕ್ಕಿಟ್ಟಿದ್ದೀರಿ ಎಂಬುದು ಅವರ ದೂರಾಗಿತ್ತು. ಬಹಳ ಬೇಗ ಆ ಚಿತ್ರ ಅಮೆರಿಕದ ಪತ್ರಿಕೆಗಳಿಂದ ಕಾಣೆಯಾಯಿತು. ಅದೇ ಹೊತ್ತಿನಲ್ಲಿ ಗೋಪುರಗಳು ಕುಸಿಯುವ ದೃಶ್ಯವನ್ನು ಟಿ.ವಿ. ವಾಹಿನಿಗಳು ಮತ್ತೆ ಮತ್ತೆ ತೋರಿಸಿದವು. ಕಟ್ಟಡ ಬೀಳುವುದನ್ನು ನೋಡಬಹುದು, ಮನುಷ್ಯ ಬೀಳುವುದನ್ನು ನೋಡಬಾರದು ಎಂಬ ಗೆರೆಯನ್ನು ಯಾವ ಸರ್ಕಾರವೂ ಎಳೆದಿರಲಿಲ್ಲ, ಜನರೇ ಎಳೆದಿದ್ದರು.

ದಾಳಿಯಾದ ಕೆಲವೇ ದಿನಗಳಲ್ಲಿ ಜರ್ಮನಿಯ ಸಂಗೀತ ಸಂಯೋಜಕ ಕಾರ್ಲ್‌ಹೈಂಟ್ಸ್ ಸ್ಟಾಕ್‌ಹೌಸೆನ್ ಈ ಕೃತ್ಯವನ್ನು ಅತಿದೊಡ್ಡ ಕಲಾಕೃತಿ ಎಂದು ಬಣ್ಣಿಸಿದ್ದಾಗಿ ವರದಿಯಾಗಿ, ಹ್ಯಾಂಬರ್ಗ್‌ನಲ್ಲಿ ಅವರ ಸಂಗೀತ ಕಛೇರಿಗಳು ರದ್ದಾದವು. ತಾನು ಸೈತಾನನಾದ ಲೂಸಿಫರ್‌ನ ಕೃತ್ಯವೆಂಬ ಅರ್ಥದಲ್ಲಿ ಹೇಳಿದ್ದೆಂಬ ಅವರ ಸಮಜಾಯಿಷಿಗೆ ಕಿವಿಗೊಟ್ಟವರು ಕಡಿಮೆ.

ಅಮೆರಿಕದ ಕಲಾವಿದ ಎರಿಕ್ ಫಿಷೆಲ್ ಅವರ ಪ್ರಕರಣ ಇಷ್ಟು ಸರಳವಲ್ಲ. ಅವರ ಸ್ನೇಹಿತರೊಬ್ಬರು ಗೋಪುರದಲ್ಲಿ ಸತ್ತಿದ್ದರು. ದಾಳಿಯ ಮೊದಲ ವರ್ಷಾಚರಣೆಯ ಹೊತ್ತಿಗೆ, 2002ರ ಸೆಪ್ಟೆಂಬರ್‌ನಲ್ಲಿ, ಅವರ ‘ಟಂಬ್ಲಿಂಗ್ ವುಮನ್’ ಎಂಬ ಕಂಚಿನ ಶಿಲ್ಪವನ್ನು ರಾಕ್‌ಫೆಲ್ಲರ್ ಸೆಂಟರ್‌ನಲ್ಲಿ ಇರಿಸಲಾಯಿತು. ಭುಜ ನೆಲಕ್ಕೆ ತಗುಲಿದ, ಕಾಲುಗಳು ಇನ್ನೂ ಗಾಳಿಯಲ್ಲಿರುವ, ಒಂದು ಕೈ ಚಾಚಿದ ಬೆತ್ತಲೆ ಹೆಣ್ಣು ಅದು. ಕಲಾ ಗ್ಯಾಲರಿಯಲ್ಲಿದ್ದಿದ್ದರೆ ನೋಡಬೇಕೆಂದವರು ಮಾತ್ರ ಹೋಗಿ ನೋಡುತ್ತಿದ್ದರು. ಇಲ್ಲಿ ಕೆಲಸಕ್ಕೆ ಹೊರಟವರ ಕಣ್ಣಿಗೆ ಅದು ಹೇಳದೆ ಕೇಳದೆ ಬೀಳುತ್ತಿತ್ತು. ದೂರುಗಳು ಬಂದವು, ಪತ್ರಿಕೆಯೊಂದರ ಅಂಕಣ ಕಟುವಾಗಿ ಟೀಕಿಸಿತು. ಶಿಲ್ಪಕ್ಕೆ ಬಟ್ಟೆ ಹೊದಿಸಿದರು, ಸುತ್ತ ತೆರೆ ಕಟ್ಟಿದರು, ಕೊನೆಗೆ ಅಲ್ಲಿಂದ ತೆಗೆದೇಬಿಟ್ಟರು. ಹದಿನಾಲ್ಕು ವರ್ಷಗಳ ನಂತರ, 2016ರಲ್ಲಿ, ಸೆಪ್ಟೆಂಬರ್ 11ರ ಸ್ಮಾರಕ ವಸ್ತುಸಂಗ್ರಹಾಲಯವೇ ತನ್ನ ಕಲಾಪ್ರದರ್ಶನದಲ್ಲಿ ಆ ಕೃತಿಗೆ ಜಾಗ ಕೊಟ್ಟಿತು. ಕಾಲ ಕಳೆದಿತ್ತು ಎಂಬುದಷ್ಟೇ ಇದಕ್ಕೆ ಕಾರಣವಲ್ಲ; ಅಲ್ಲಿಗೆ ಬರುವವರು ಮನಸ್ಸು ಗಟ್ಟಿ ಮಾಡಿಕೊಂಡೇ ಬರುತ್ತಾರೆ.

ಇಲ್ಲಿಯವರೆಗಿನದು ನೋವಿನ ಮಾತು. ರಾಜಕಾರಣ ನೇರವಾಗಿ ಕೈಹಾಕಿದ್ದು ಗೋಪುರಗಳಿದ್ದ ಹದಿನಾರು ಎಕರೆಯ ಮರುನಿರ್ಮಾಣದಲ್ಲಿ. ಅಲ್ಲಿ ನೆಲೆಗೊಳ್ಳಲು 2004ರಲ್ಲಿ ನಾಲ್ಕು ಸಂಸ್ಥೆಗಳು ಆಯ್ಕೆಯಾದವು: ರೇಖಾಚಿತ್ರಗಳ ಡ್ರಾಯಿಂಗ್ ಸೆಂಟರ್, ಸ್ವಾತಂತ್ರ್ಯ ಹೋರಾಟಗಳ ಚರಿತ್ರೆ ಹೇಳಬೇಕಿದ್ದ ಇಂಟರ್‌ನ್ಯಾಷನಲ್ ಫ್ರೀಡಂ ಸೆಂಟರ್, ಜಾಯ್ಸ್ ಮತ್ತು ಸಿಗ್ನೇಚರ್ ಎಂಬ ರಂಗಸಂಸ್ಥೆಗಳು. 2005ರ ಜೂನ್‌ನಲ್ಲಿ, ಅಪಹೃತ ವಿಮಾನವೊಂದರ ಪೈಲಟ್‌ನ ಸಹೋದರಿ ಡೆಬ್ರಾ ಬರ್ಲಿಂಗೇಮ್ ‘ವಾಲ್ ಸ್ಟ್ರೀಟ್ ಜರ್ನಲ್’ನಲ್ಲಿ ಬರೆದ ಲೇಖನ, ಫ್ರೀಡಂ ಸೆಂಟರ್ ಈ ಸ್ಥಳವನ್ನು ಅಮೆರಿಕದ ತಪ್ಪುಗಳನ್ನು ಎಣಿಸುವ ವೇದಿಕೆಯಾಗಿಸಲಿದೆ ಎಂದು ಆಪಾದಿಸಿತು. ಡ್ರಾಯಿಂಗ್ ಸೆಂಟರ್ ಹಿಂದೆ ಪ್ರದರ್ಶಿಸಿದ್ದ ಕೃತಿಗಳನ್ನೂ ಪತ್ರಿಕೆಗಳು ಕೆದಕಿ ತೆಗೆದವು. ಅಮೆರಿಕವನ್ನು ಹೀಗಳೆಯುವಂಥದ್ದೇನನ್ನೂ ತೋರಿಸುವುದಿಲ್ಲವೆಂಬ ಖಚಿತ ಭರವಸೆ ಬೇಕೆಂದು ನ್ಯೂಯಾರ್ಕ್ ರಾಜ್ಯದ ಗವರ್ನರ್ ಜಾರ್ಜ್ ಪಟಾಕಿ ಪಟ್ಟುಹಿಡಿದರು. ಇನ್ನೂ ಬಿಡಿಸದ ಚಿತ್ರಕ್ಕೆ ಇಂಥ ಮುಚ್ಚಳಿಕೆ ಬರೆದುಕೊಡಲು ಯಾವ ಕಲಾಸಂಸ್ಥೆಗೂ ಸಾಧ್ಯವಿಲ್ಲ. ಡ್ರಾಯಿಂಗ್ ಸೆಂಟರ್ ಬೇರೆ ಜಾಗ ಹುಡುಕತೊಡಗಿತು; ಸೆಪ್ಟೆಂಬರ್‌ನಲ್ಲಿ ಪಟಾಕಿ ಫ್ರೀಡಂ ಸೆಂಟರನ್ನೂ ಯೋಜನೆಯಿಂದ ಕೈಬಿಟ್ಟರು.

ಇಡೀ ವಿವಾದ ‘ಕುಟುಂಬಗಳ ಭಾವನೆ’ಯ ಹೆಸರಿನಲ್ಲಿ ನಡೆದರೂ ಆ ಕುಟುಂಬಗಳದ್ದು ಒಂದೇ ದನಿಯಾಗಿರಲಿಲ್ಲ. ದಾಳಿಯಲ್ಲಿ ಗಂಡನನ್ನು ಕಳೆದುಕೊಂಡ ಮಹಿಳೆಯೊಬ್ಬರು ಫ್ರೀಡಂ ಸೆಂಟರ್‌ನ ಉಪಾಧ್ಯಕ್ಷೆಯಾಗಿದ್ದರು. ರಾಜಕಾರಣಿಗಳಿಗೆ ಆ ಭಿನ್ನಮತವನ್ನು ಕೇಳಿಸಿಕೊಳ್ಳುವ ವ್ಯವಧಾನವಿರಲಿಲ್ಲ, ಅಥವಾ ಅಗತ್ಯ ಕಾಣಲಿಲ್ಲ.

ಸಾಂಸ್ಕೃತಿಕ ಸಂಸ್ಥೆಗಳಿಗೆಂದು ಸ್ನೋಹೆಟಾ ಎಂಬ ವಾಸ್ತುಶಿಲ್ಪ ಸಂಸ್ಥೆಗೆ ವಹಿಸಿದ್ದ ಕಟ್ಟಡ ಮುಂದೆ ರೂಪ ಬದಲಿಸಿ, 2014ರಲ್ಲಿ ತೆರೆದ ವಸ್ತುಸಂಗ್ರಹಾಲಯದ ಪ್ರವೇಶ ಮಂಟಪವಾಯಿತು. ಡ್ರಾಯಿಂಗ್ ಸೆಂಟರ್ ಸೋಹೊ ಬಡಾವಣೆಯಲ್ಲೇ ಉಳಿಯಿತು. ಆ ಹದಿನಾರು ಎಕರೆಯಲ್ಲಿ ಒಂದು ರಂಗಮಂದಿರ, ಪೆರೆಲ್‌ಮನ್ ಪ್ರದರ್ಶನ ಕಲೆಗಳ ಕೇಂದ್ರ, ಬಾಗಿಲು ತೆರೆಯಲು 2023ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. ಮೊದಲು ಆಯ್ಕೆಯಾಗಿದ್ದ ನಾಲ್ಕರಲ್ಲಿ ಒಂದು ಸಂಸ್ಥೆಯೂ ಅಲ್ಲಿ ನೆಲೆಗೊಳ್ಳಲಿಲ್ಲ.