ಮುಳುಗುವ ಹಡಗಿನಲ್ಲಿ ಉಳಿಯುವವರು ಯಾರು?

ಕಡಲಿನಲ್ಲಿ ಜೀವಹಾನಿಯಾದಾಗ ‘ಎಲ್ಲವೂ ಹಣೆಬರಹ’ ಎಂದು ಸಮಾಧಾನ ಹೇಳುವವರು ನಮ್ಮ ಮಂಜೇಶ್ವರ, ಕುಂಬಳೆಗಳ ಕರಾವಳಿಯಲ್ಲಿ ಇಂದಿಗೂ ಇದ್ದಾರೆ. ನೊಂದವರಿಗೆ ಆ ಮಾತು ಆಸರೆಯಾದೀತು, ಆದರೆ 1912ರ ಏಪ್ರಿಲ್‌ನಲ್ಲಿ ಮುಳುಗಿದ ಟೈಟಾನಿಕ್‌ನ ಲೆಕ್ಕ ಬೇರೆಯೇ ಇದೆ. ಬ್ರಿಟಿಷ್ ವಿಚಾರಣಾ ವರದಿಯಂತೆ ಮೊದಲ ದರ್ಜೆಯ 144 ಹೆಂಗಸರಲ್ಲಿ 140 ಮಂದಿ ಬದುಕಿದರು. ಮೂರನೆಯ ದರ್ಜೆಯ 165 ಹೆಂಗಸರಲ್ಲಿ 76 ಮಂದಿ ಮಾತ್ರ. ಅದೇ ದರ್ಜೆಯ 79 ಮಕ್ಕಳಲ್ಲಿ 52 ಮಕ್ಕಳು ತೀರಿಕೊಂಡರು.

ಇದಕ್ಕೆ ಮುಖ್ಯ ಕಾರಣ ದೂರ. ರಕ್ಷಣಾ ದೋಣಿಗಳಿದ್ದದ್ದು ಹಡಗಿನ ಮೇಲಿನ ಅಟ್ಟದಲ್ಲಿ, ಮೊದಲೆರಡು ದರ್ಜೆಯವರು ಓಡಾಡುವ ಜಾಗದಲ್ಲಿ. ಮೂರನೆಯ ದರ್ಜೆಯವರ ಕೋಣೆಗಳು ಕೆಳ ಅಂತಸ್ತುಗಳಲ್ಲಿ, ಹಡಗಿನ ಮುಂತುದಿ ಮತ್ತು ಹಿಂತುದಿಗಳಲ್ಲಿದ್ದವು. ರೋಗ ಹರಡೀತೆಂಬ ಭಯದಿಂದ ಅಮೆರಿಕದ ವಲಸೆ ನಿಯಮಗಳು ಅವರನ್ನು ಉಳಿದವರಿಂದ ಪ್ರತ್ಯೇಕವಾಗಿಡಬೇಕೆಂದು ವಿಧಿಸಿದ್ದವು. ಇಂಗ್ಲಿಷ್ ಬಾರದ ವಲಸಿಗರು ಗುರುತಿಲ್ಲದ ದಾರಿಗಳಲ್ಲಿ ಮೇಲೇರುವ ಹೊತ್ತಿಗೆ ಎಷ್ಟೋ ದೋಣಿಗಳು ಇಳಿದಾಗಿತ್ತು. ಆದರೂ ಹಣವೊಂದೇ ಎಲ್ಲವನ್ನೂ ನಿರ್ಧರಿಸಲಿಲ್ಲ: ಎರಡನೆಯ ದರ್ಜೆಯ 168 ಗಂಡಸರಲ್ಲಿ ಉಳಿದವರು 14, ಮೂರನೆಯ ದರ್ಜೆಯ 462 ಗಂಡಸರಲ್ಲಿ 75.

‘ಹೆಂಗಸರು, ಮಕ್ಕಳು ಮೊದಲು’ ಎಂಬುದು ಕಡಲಿನ ಕಾನೂನೆಂದು ನಂಬಿದವರು ಬಹಳ. ಆದರೆ ಅದು ಕಾನೂನಲ್ಲ, ಆ ರಾತ್ರಿ ಟೈಟಾನಿಕ್‌ನ ಕಪ್ತಾನ ಕೊಟ್ಟ ಆಜ್ಞೆ. ಅದನ್ನು ಜಾರಿಗೊಳಿಸಲು ಹಡಗು ಮುಳುಗಲು ಹಿಡಿದ 2 ಗಂಟೆ 40 ನಿಮಿಷಗಳ ಬಿಡುವಿತ್ತು. 1915ರಲ್ಲಿ ಲುಸಿಟಾನಿಯಾ ಎಂಬ ಬ್ರಿಟಿಷ್ ಪ್ರಯಾಣಿಕ ಹಡಗು 18 ನಿಮಿಷಗಳಲ್ಲಿ ಮುಳುಗಿದಾಗ ಅಂಥ ಆಜ್ಞೆಯನ್ನು ಜಾರಿಗೊಳಿಸಲು ಸಮಯವೇ ಇರಲಿಲ್ಲ, ದೇಹಬಲವುಳ್ಳ ಯುವಜನರೇ ಹೆಚ್ಚಾಗಿ ಉಳಿದರು. ಹದಿನೆಂಟು ಹಡಗು ದುರಂತಗಳನ್ನು ಹೋಲಿಸಿದ ಸ್ವೀಡನ್ನಿನ ಸಂಶೋಧಕರು 2012ರಲ್ಲಿ ತಿಳಿಸಿದಂತೆ, ಒಟ್ಟಾರೆಯಾಗಿ ಹೆಂಗಸರು ಉಳಿಯುವ ಪ್ರಮಾಣ ಗಂಡಸರದರ ಸುಮಾರು ಅರ್ಧದಷ್ಟು. ಎಲ್ಲರಿಗಿಂತ ಹೆಚ್ಚಾಗಿ ಉಳಿದವರು ಹಡಗಿನ ಸಿಬ್ಬಂದಿ.

ದಡದಲ್ಲೂ ಈ ಭೇದ ತಪ್ಪದು. 2004ರ ಸುನಾಮಿಯಲ್ಲಿ ತಮಿಳುನಾಡಿನ ನಾಗಪಟ್ಟಿಣಂ, ಕಡಲೂರುಗಳಲ್ಲಿ ಗಂಡಸರಿಗಿಂತ ಬಹಳ ಹೆಚ್ಚು ಹೆಂಗಸರು ಸತ್ತರು. ಆಳದ ನೀರಿನಲ್ಲಿ ಸುನಾಮಿಯ ಅಲೆ ಅಷ್ಟಾಗಿ ಎತ್ತರವಾಗದ ಕಾರಣ ದೋಣಿಯಲ್ಲಿದ್ದ ಮೀನುಗಾರರಲ್ಲಿ ಅನೇಕರಿಗೆ ಅದು ಗೊತ್ತೇ ಆಗಲಿಲ್ಲ; ಮೀನಿಗಾಗಿ ದಡದಲ್ಲಿ ಕಾದಿದ್ದ, ಈಜು ಕಲಿಯದ, ಸೀರೆಯುಟ್ಟು ಮಕ್ಕಳನ್ನೆತ್ತಿಕೊಂಡು ಓಡಬೇಕಾಗಿದ್ದ ಹೆಂಗಸರ ಮೇಲೆ ಅದು ಪೂರ್ಣ ಎತ್ತರದಲ್ಲಿ ಬಂದೆರಗಿತು. ಕಾಸರಗೋಡಿನ ಕಡಲತಡಿಯಲ್ಲೂ ದೋಣಿ ಬರುವ ಹೊತ್ತಿಗೆ ಬುಟ್ಟಿ ಹಿಡಿದು ಕಾಯುವವರು ಹೆಂಗಸರೇ ಆದ್ದರಿಂದ, ಈಜಿನ ತರಬೇತಿಯನ್ನೂ ಎಚ್ಚರಿಕೆಯ ಸಂದೇಶವನ್ನೂ ಮೊದಲು ಅವರಿಗೆ ತಲುಪಿಸಬೇಕು.