ವೋಟರ್ ಲಿಸ್ಟು ಎಲ್ಲರದ್ದೂ ಹೌದು, ಆದರೆ ಹುಡುಕುವುದು ಹೇಗೆ?

ಚುನಾವಣೆಯ ಹಿಂದಿನ ಸಂಜೆ ಬೆಂಗಳೂರಿನಿಂದ ಹಾಸನ, ಸಕಲೇಶಪುರ, ಮೂಡಿಗೆರೆ ಕಡೆ ಹೊರಡುವ ಬಸ್ಸುಗಳಲ್ಲಿ ಸೀಟು ಸಿಗುವುದು ಕಷ್ಟ. ದುಡಿಮೆ ಅಲ್ಲಿ, ವೋಟು ಇಲ್ಲಿ. 2024ರ ಏಪ್ರಿಲ್ 26ರಂದು ಹಾಸನಕ್ಕೂ ಉಡುಪಿ-ಚಿಕ್ಕಮಗಳೂರಿಗೂ ಮತದಾನ ಇತ್ತು. ಶುಕ್ರವಾರ ಬೇರೆ. ಊರಿಗೆ ಬರಲು ಅದಕ್ಕಿಂತ ಒಳ್ಳೆಯ ನೆಪ ಬೇಕಾ?

ವರ್ಷಗಟ್ಟಲೆ ಬೆಂಗಳೂರಿನಲ್ಲೇ ಇರುವವರ ಹೆಸರು ಊರಿನ ಪಟ್ಟಿಯಲ್ಲಿ ಇರಬಹುದಾ ಅನ್ನುವುದು ಮಾತ್ರ ಸುಲಭದ ಪ್ರಶ್ನೆಯಲ್ಲ. 1950ರ ಪ್ರಜಾಪ್ರತಿನಿಧಿ ಕಾಯ್ದೆ ಕೇಳುವುದು ಇಷ್ಟೇ: ನೀವು 'ಸಾಮಾನ್ಯವಾಗಿ ವಾಸ' ಇರುವುದು ಎಲ್ಲಿ? ಊರಲ್ಲಿ ಮನೆ ಇದೆ ಅನ್ನುವ ಒಂದೇ ಕಾರಣಕ್ಕೆ ನೀವು ಅಲ್ಲಿಯ ವಾಸಿ ಆಗುವುದಿಲ್ಲ ಎಂದು ಅದರ 20ನೇ ಸೆಕ್ಷನ್ ಹೇಳುತ್ತದೆ. ತಾತ್ಕಾಲಿಕವಾಗಿ ಊರು ಬಿಟ್ಟಿದ್ದೀರಿ ಎಂದ ಮಾತ್ರಕ್ಕೆ ವಾಸ ತಪ್ಪಿಹೋಗುವುದಿಲ್ಲ ಎಂದೂ ಅದೇ ಸೆಕ್ಷನ್ ಹೇಳುತ್ತದೆ. ಈ ಎರಡು ವಾಕ್ಯಗಳ ನಡುವೆ ಹಾಸನ, ಚಿಕ್ಕಮಗಳೂರು ಎಂಬ ನಮ್ಮ ಎರಡೂ ಜಿಲ್ಲೆಗಳ ಅರ್ಧ ಯುವಕರು ನಿಂತಿದ್ದಾರೆ ಎಂದರೆ ತಪ್ಪಾಗಲಾರದು. ಎರಡು ಕಡೆ ಹೆಸರು ಇಟ್ಟುಕೊಳ್ಳುವುದಕ್ಕೆ ಮಾತ್ರ ಕಾನೂನಿನಲ್ಲಿ ಜಾಗವೇ ಇಲ್ಲ. ಗೊತ್ತಿದ್ದೂ ಸುಳ್ಳು ಬರೆದುಕೊಟ್ಟರೆ ಒಂದು ವರ್ಷದವರೆಗೆ ಜೈಲು ಆಗಬಹುದು.

ಕಾಫಿ ತೋಟದ ಲೈನು ಮನೆಗಳಲ್ಲಿ ಇದರ ಉಲ್ಟಾ ಕಥೆ. ಉತ್ತರ ಕರ್ನಾಟಕದಿಂದಲೋ ಅಸ್ಸಾಂನಿಂದಲೋ ಬಂದವರು ವರ್ಷದ ಬಹುಪಾಲು ಇಲ್ಲೇ ಇರುತ್ತಾರೆ. ಅವರ ಹೆಸರು ಇನ್ನೆಲ್ಲೋ ಇರುತ್ತದೆ, ಅಥವಾ ಎಲ್ಲೂ ಇರುವುದಿಲ್ಲ. ಅವರೂ ಇಲ್ಲಿ ಅರ್ಜಿ ಹಾಕಬಹುದು. ಆದರೆ ವಿಳಾಸಕ್ಕೆ ದಾಖಲೆ ಏನು ಅಂದಾಗ ಮಾತು ಅಲ್ಲಿಗೇ ನಿಲ್ಲುತ್ತದೆ.

ಪಟ್ಟಿಯಲ್ಲಿ ಯಾರಿರಬೇಕು ಅನ್ನುವ ತಕರಾರು ಸ್ವಾತಂತ್ರ್ಯಕ್ಕಿಂತ ಹಳೆಯದು. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುಮಾಡಿದಾಗ ಹಾಸನದವರೂ ಕಡೂರು ಜಿಲ್ಲೆಯವರೂ (ಚಿಕ್ಕಮಗಳೂರಿಗೆ ಆಗ ಅದೇ ಹೆಸರು) ಅದರ ವ್ಯಾಪ್ತಿಯಲ್ಲಿದ್ದರು. ಮುಂದೆ ಚುನಾವಣೆ ಬಂದರೂ ವೋಟು ಸಿಕ್ಕಿದ್ದು ಆಸ್ತಿಪಾಸ್ತಿ ಇದ್ದವರಿಗೆ, ಕಂದಾಯ ಕಟ್ಟುವವರಿಗೆ, ಓದಿದವರಿಗೆ. ಪಟ್ಟಿ ಚಿಕ್ಕದು, ಎಲ್ಲರಿಗೂ ಎಲ್ಲರ ಗುರುತು. ಗಲಾಟೆಯೂ ಕಡಿಮೆ.

ಸಂವಿಧಾನ ಬಂದ ಮೇಲೆ ಆ ಬೇಲಿ ಹೋಯಿತು. 1951–52ರ ಮೊದಲ ಚುನಾವಣೆಗೆ ಸುಮಾರು 17 ಕೋಟಿ ಜನರ ಪಟ್ಟಿ ತಯಾರಾಯಿತು. ಮನೆ ಮನೆಗೆ ಹೋದ ಸಿಬ್ಬಂದಿಗೆ, ಅದರಲ್ಲೂ ಉತ್ತರ ಭಾರತದಲ್ಲಿ, ಎಷ್ಟೋ ಹೆಂಗಸರು ಹೆಸರೇ ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಂಗಸರ ಹೆಸರು ಬಿದ್ದುಹೋಯಿತು. ಕಠಿಣ ತೀರ್ಮಾನ ನಿಜ. ಆದರೆ ಮುಂದಿನ ಚುನಾವಣೆಗಳಲ್ಲಿ ಅವರು ತಮ್ಮದೇ ಹೆಸರಿನಲ್ಲಿ ಪಟ್ಟಿಗೆ ಬಂದದ್ದು ಆ ಹಟದಿಂದಲೇ ಅಂತ ನನ್ನ ಲೆಕ್ಕ.

ವಯಸ್ಸಿನ ಮಾತಿಗೆ ಬಂದರೆ, 1978ರ ನವೆಂಬರ್‌ನಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ ನಿಂತಾಗ ಇಡೀ ದೇಶದ ಕಣ್ಣು ಇಲ್ಲಿತ್ತು. ಎದುರಿಗೆ ವೀರೇಂದ್ರ ಪಾಟೀಲರು. ಅಷ್ಟು ದೊಡ್ಡ ಚುನಾವಣೆಯಲ್ಲೂ ಊರಿನ ಕಾಲೇಜು ಹುಡುಗರಿಗೆ ಭಾಷಣ ಕೇಳುವುದಷ್ಟೇ ಭಾಗ್ಯ, ಏಕೆಂದರೆ ವೋಟಿಗೆ 21 ಆಗಬೇಕಿತ್ತು. 61ನೇ ತಿದ್ದುಪಡಿ ಜಾರಿಗೆ ಬಂದು ಅದು 18ಕ್ಕೆ ಇಳಿದದ್ದು 1989ರಲ್ಲಿ. ಆಮೇಲೂ ಒಂದು ಕಿರಿಕಿರಿ ಉಳಿಯಿತು. ಜನವರಿ 1ಕ್ಕೆ 18 ತುಂಬಿರಬೇಕು, ಜನವರಿ 2ಕ್ಕೆ ತುಂಬಿದರೆ ಇಡೀ ವರ್ಷ ಕಾಯಬೇಕು. 2022ರ ಆಗಸ್ಟ್‌ನಿಂದ ವರ್ಷಕ್ಕೆ ನಾಲ್ಕು ದಿನಾಂಕಗಳು ಬಂದಿವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1. ಹದಿನೇಳು ತುಂಬಿದವರು ಹೆಸರು ಸೇರಿಸುವ ಫಾರಂ 6 ಅನ್ನು ಮುಂಗಡವಾಗಿ ಕೊಟ್ಟಿಡಬಹುದು. ಆಧಾರ್ ಜೋಡಿಸುವ ಫಾರಂ 6ಬಿ ಬಂದದ್ದೂ ಆಗಲೇ. ಅದು ಕಡ್ಡಾಯ ಅಲ್ಲ, ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಎಷ್ಟೇ ಒತ್ತಾಯ ಮಾಡಿದರೂ.

ಇಷ್ಟು ಹೆಸರು ಸೇರಿಸುವ ಕಥೆ. ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಇನ್ನೊಂದು: ಸೇರಿದ ಹೆಸರನ್ನು ಯಾರು ನೋಡಬಹುದು?

ನಮ್ಮಲ್ಲಿ ಉತ್ತರ ಮೊದಲಿನಿಂದಲೂ 'ಯಾರು ಬೇಕಾದರೂ'. ಕರಡು ಪಟ್ಟಿಯನ್ನು ಮತಗಟ್ಟೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ನೋಡಲು ಇಡುತ್ತಾರೆ. 1960ರ ಮತದಾರರ ನೋಂದಣಿ ನಿಯಮಗಳ ಪ್ರಕಾರ ನೋಂದಣಿಯ ಕಾಗದಗಳನ್ನು ಪರಿಶೀಲಿಸುವುದು, ಶುಲ್ಕ ಕಟ್ಟಿ ದೃಢೀಕೃತ ಪ್ರತಿ ಪಡೆಯುವುದು ಎಲ್ಲರ ಹಕ್ಕು. ಮಾನ್ಯತೆ ಪಡೆದ ಪಕ್ಷಗಳಿಗೆ ಎರಡು ಪ್ರತಿ ಪುಕ್ಕಟೆ. ಬ್ರಿಟನ್ನಿನಲ್ಲಿ 2002ರಿಂದ ಎರಡು ಪಟ್ಟಿ ಇವೆ, ಒಂದು ಪೂರ್ತಿಯದು, ಇನ್ನೊಂದು ಮಾರಬಹುದಾದ್ದು. ಎರಡನೆಯದರಿಂದ ಹೆಸರು ತೆಗೆಸಿಕೊಳ್ಳಬಹುದು. ಆ ಅನುಕೂಲ ನಮಗಿಲ್ಲ.

ಈಗ ಚಿಕ್ಕಮಗಳೂರು ಕ್ಷೇತ್ರದ, ಅಂದರೆ 125ನೇ ನಂಬರಿನ, ಯಾವುದಾದರೂ ಒಂದು ಭಾಗದ ಪಟ್ಟಿಯನ್ನು ಡೌನ್‌ಲೋಡ್ ಮಾಡಿ ನೋಡಿ. ಒಂದು ಪುಟಕ್ಕೆ 30 ಚೌಕಗಳು, ಮೂರು ಸಾಲಾಗಿ. ಪ್ರತಿ ಚೌಕದಲ್ಲಿ ಕ್ರಮಸಂಖ್ಯೆ, ಗುರುತಿನ ಚೀಟಿಯ ನಂಬರು, ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರು, ವಯಸ್ಸು, ಲಿಂಗ. ತೆಗೆದುಹಾಕಿದ ಹೆಸರಿನ ಜೊತೆ ಒಂದು ಇಂಗ್ಲಿಷ್ ಅಕ್ಷರ: 'ಇ' ಅಂದರೆ ತೀರಿಕೊಂಡವರು, 'ಎಸ್' ಅಂದರೆ ಬೇರೆಡೆಗೆ ಹೋದವರು, 'ಆರ್' ಅಂದರೆ ಎರಡು ಸಲ ಬಂದವರು. ಬದುಕಿರುವ ಅಜ್ಜಿಯ ಪಕ್ಕ 'ಇ' ಇದ್ದರೆ ಗೊತ್ತಾಗುವುದು ಹೀಗೆ ಕೂತು ನೋಡಿದಾಗ ಮಾತ್ರ.

ಆದರೆ ಅಜ್ಜಿಯ ಹೆಸರು ಟೈಪ್ ಮಾಡಿ ಆ ಕಡತದೊಳಗೆ ಹುಡುಕಲು ಆಗುವುದಿಲ್ಲ. ಅದು ಅಕ್ಷರಗಳ ಕಡತ ಅಲ್ಲ, ಬರೀ ಚಿತ್ರ. 2018ರ ಜನವರಿಯಲ್ಲಿ ಚುನಾವಣಾ ಆಯೋಗ ಹಾಗೆ ಮಾಡಿತು. ಮಾಹಿತಿ ದುರುಪಯೋಗ ಆಗಬಾರದು ಅನ್ನುವುದು ಕಾರಣ. ಮಧ್ಯಪ್ರದೇಶದ ಕಾಂಗ್ರೆಸ್ ನಾಯಕ ಕಮಲ್ ನಾಥ್ ಅವರು ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೋರ್ಟು ಆಯೋಗದ ಮಾತನ್ನೇ ಒಪ್ಪಿತು. ಹುಡುಕುವ ರೂಪದಲ್ಲಿ ಬೇಕಿದ್ದರೆ ಅರ್ಜಿದಾರರೇ ಮಾಡಿಕೊಳ್ಳಲಿ ಎಂದಿತು. ಮಾಡಿಕೊಳ್ಳುವವರು ಯಾರು? ದುಡ್ಡಿರುವ ಪಕ್ಷ ಮಾಡಿಕೊಳ್ಳುತ್ತದೆ. ಅಕ್ಕಪಕ್ಕದ ಮನೆಯವರ ಹೆಸರು ಸರಿ ಇದೆಯಾ ಅಂತ ನೋಡಹೊರಟ ಮೇಷ್ಟರಿಗೆ ಆಗುವುದಿಲ್ಲ. ಕಳ್ಳನಿಗೆ ತಡೆಯಾಗಲಿಲ್ಲ, ಕಾವಲಿನವನ ಕಣ್ಣಿಗೆ ಮಾತ್ರ ಬಟ್ಟೆ ಕಟ್ಟಿದಂತಾಯಿತು.

ಆಯೋಗದ ಭಯ ಸುಳ್ಳು ಅಂತಲ್ಲ. ಬೆಂಗಳೂರಿನಲ್ಲಿ 2022ರಲ್ಲಿ, ಜಾಗೃತಿ ಮೂಡಿಸಲು ಅನುಮತಿ ಪಡೆದ ಸಂಸ್ಥೆಯೊಂದು ಮತದಾರರ ಮಾಹಿತಿ ಸಂಗ್ರಹಿಸಿದ ಆರೋಪ ಬಂದು ದೊಡ್ಡ ಸುದ್ದಿಯಾಯಿತು. ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ವಿಧಾನಸಭೆ ಚುನಾವಣೆಗೆ ಮುಂಚೆ, ಹೆಸರು ತೆಗೆಯುವ ಫಾರಂ 7 ಆನ್‌ಲೈನ್‌ನಲ್ಲಿ 6,018 ಬಂದವು. ಪರಿಶೀಲಿಸಿದಾಗ ಸರಿಯಿದ್ದದ್ದು 24 ಮಾತ್ರ ಎಂದು ಆಯೋಗವೇ ಹೇಳಿದೆ. ಆ ಮೋಸ ತಪ್ಪಿದ್ದು ಊರಲ್ಲಿ ಹೋಗಿ ವಿಚಾರಿಸಿದ್ದರಿಂದ. ಕಡತ ಚಿತ್ರವೋ ಅಕ್ಷರವೋ ಅನ್ನುವುದಕ್ಕೂ ಅದಕ್ಕೂ ಏನೂ ಸಂಬಂಧ ಇರಲಿಲ್ಲ.

ಪಟ್ಟಿಯಲ್ಲಿ ಈಗಾಗಲೇ ಇರುವ ಹೆಸರನ್ನು ಸುಮ್ನೆ ತೆಗೆಯುವ ಹಾಗಿಲ್ಲ, ನೋಟಿಸ್ ಕೊಟ್ಟು ಕೇಳಬೇಕು ಎಂದು ಸುಪ್ರೀಂ ಕೋರ್ಟು 1995ರಲ್ಲೇ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಹೇಳಿದೆ. ತೀರ್ಮಾನ ಒಪ್ಪಿಗೆ ಆಗದಿದ್ದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕಬಹುದು. 2025ರ ಆಗಸ್ಟ್‌ನಲ್ಲಿ, ಪಟ್ಟಿಯನ್ನೇ ಪೂರ್ತಿ ಪರಿಷ್ಕರಿಸಹೊರಟ ಬಿಹಾರದ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಹೊರಗುಳಿದಾಗ, ಯಾರ ಹೆಸರು, ಯಾಕೆ ಹೋಯಿತು ಅನ್ನುವುದನ್ನು ಹುಡುಕಲು ಬರುವಂತೆ ಪ್ರಕಟಿಸಿ ಎಂದು ಅದೇ ಕೋರ್ಟು ಆದೇಶ ಮಾಡಿತು. 2018ರ ತೀರ್ಪಿನ ಪಕ್ಕ ಇದನ್ನಿಟ್ಟು ಓದಿದರೆ ಗಾಳಿ ತಿರುಗಿದ್ದು ಗೊತ್ತಾಗುತ್ತದೆ.

ಬಿಹಾರದ ಆ ಪರಿಷ್ಕರಣೆಗೆ ಆಧಾರವಾದದ್ದು 2003ರ ಹಳೆಯ ಪಟ್ಟಿ. ಕರ್ನಾಟಕದಲ್ಲಿ ಅಂಥ ದೊಡ್ಡ ಪರಿಷ್ಕರಣೆ ಹಿಂದೆ ಆದದ್ದು 2002ರಲ್ಲಿ. ಅಪ್ಪ ಅಮ್ಮನ ಹೆಸರನ್ನು ಅದರಲ್ಲಿ ಹುಡುಕಹೊರಟರೆ ಒಂದು ವಿಷಯ ನೆನಪಿರಲಿ. 2008ರ ಕ್ಷೇತ್ರ ವಿಂಗಡಣೆಗೆ ಮುಂಚಿನ ಪಟ್ಟಿ ಅದು. ಆಗ ಚಿಕ್ಕಮಗಳೂರು ಜಿಲ್ಲೆಯಲ್ಲಿ ಬೀರೂರು ಅನ್ನುವ ವಿಧಾನಸಭಾ ಕ್ಷೇತ್ರ ಇತ್ತು, ಹಾಸನದಲ್ಲಿ ಗಂಡಸಿ ಇತ್ತು. ಆ ಕಡೆಯವರು ಈಗಿನ ಕ್ಷೇತ್ರದ ಹೆಸರು ಹಾಕಿ ನೋಡಿ, ಸಿಗಲಿಲ್ಲ ಅಂತ ಸುಮ್ಮನಾಗಬೇಡಿ. ಹಳೆಯ ಕ್ಷೇತ್ರದ ಹೆಸರಿನಲ್ಲಿ, ಆಗ ವೋಟು ಹಾಕುತ್ತಿದ್ದ ಶಾಲೆಯ ಮತಗಟ್ಟೆ ಯಾವುದು ಅಂತ ಮನೆಯ ಹಿರಿಯರನ್ನು ಕೇಳಿಕೊಂಡು ಹುಡುಕಿ.