ಸರಾಸರಿ ಮೈಲೇಜ್: ಅಂಕಿ ಏಕೆ ಏರಿಳಿಯುತ್ತದೆ?

ಕಾರಿನ ಡ್ಯಾಶ್‌ಬೋರ್ಡ್ ತೋರಿಸುವ ‘ಸರಾಸರಿ ಮೈಲೇಜ್’ ಒಂದು ಭಾಗಲಬ್ಧ: ಕೊನೆಯ ಸಲ ರೀಸೆಟ್ ಮಾಡಿದಾಗಿನಿಂದ ಓಡಿದ ಒಟ್ಟು ದೂರವನ್ನು ಅಷ್ಟರಲ್ಲಿ ಉರಿದ ಒಟ್ಟು ಇಂಧನದಿಂದ ಭಾಗಿಸಿದರೆ ಬರುವ ಸಂಖ್ಯೆ. ಎಂಜಿನ್ನಿನ ಸದ್ಯದ ಸ್ಥಿತಿಯನ್ನು ಅದು ಹೇಳುವುದಿಲ್ಲ. ಅಂಕಿ ಕುಸಿದೊಡನೆ ಎಂಜಿನ್ ಕೆಟ್ಟಿತೆಂದು ಕಳವಳಪಡುವವರಿಗೆ ಈ ವ್ಯತ್ಯಾಸ ಮೊದಲು ತಿಳಿದಿರಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಲೆಕ್ಕ ಎಲ್ಲಿಂದ ಶುರುವಾಗಿದೆ ಎಂಬುದು. ಲೀಟರಿಗೆ 20 ಕಿಲೋಮೀಟರಿನಂತೆ 500 ಕಿ.ಮೀ. ಓಡಿದ ಕಾರು 25 ಲೀಟರ್ ಉರಿಸಿರುತ್ತದೆ. ಮುಂದಿನ 10 ಕಿ.ಮೀ. ದಟ್ಟಣೆಯಲ್ಲಿ ಸಿಲುಕಿ 1 ಲೀಟರ್ ಖರ್ಚಾದರೆ ಸರಾಸರಿ ಸುಮಾರು 19.6ಕ್ಕೆ ಇಳಿಯುತ್ತದೆ, ಅಷ್ಟೆ. ಅದೇ ದಟ್ಟಣೆಗೆ ಮುನ್ನ ರೀಸೆಟ್ ಒತ್ತಿದ್ದರೆ ಪರದೆಯ ಮೇಲೆ 10 ಎಂದಿರುತ್ತಿತ್ತು. ಕಾರು, ರಸ್ತೆ, ಚಾಲಕ ಯಾವುದೂ ಬದಲಾಗಿಲ್ಲ.

ಇನ್ನೊಂದು ತೊಡಕು ‘ಸರಾಸರಿ’ ಎಂಬ ಪದದಲ್ಲೇ ಇದೆ. 10 ಕಿ.ಮೀ. ದೂರ ಲೀಟರಿಗೆ 10ರಂತೆ, ಮತ್ತೆ 10 ಕಿ.ಮೀ. ಲೀಟರಿಗೆ 20ರಂತೆ ಓಡಿಸಿದರೆ ಉತ್ತರ 15 ಎಂದು ಮನಸ್ಸು ಹೇಳುತ್ತದೆ. ಆದರೆ 20 ಕಿಲೋಮೀಟರಿಗೆ ಉರಿದದ್ದು ಒಂದೂವರೆ ಲೀಟರ್, ಹಾಗಾಗಿ ಸರಾಸರಿ 13.3. ಕೆಟ್ಟ ಓಟವೇ ಹೆಚ್ಚು ಇಂಧನ ನುಂಗುವುದರಿಂದ ಅದರ ತೂಕವೂ ಹೆಚ್ಚು.

ಅಂಕಿಯನ್ನು ಎಳೆದಾಡುವ ಕಾರಣಗಳು ದಾರಿಯುದ್ದಕ್ಕೂ ಇರುತ್ತವೆ. ತಣ್ಣಗಿರುವ ಎಂಜಿನ್‌ಗೆ ಹೆಚ್ಚು ಇಂಧನ ಬೇಕು, ಅದರ ಆಯಿಲ್ ಕೂಡ ಮಂದವಾಗಿರುತ್ತದೆ; ಆದ್ದರಿಂದ ಎಂಜಿನ್ ಕಾಯುವ ಮೊದಲೇ ಮುಗಿಯುವ ಚಿಕ್ಕ ಓಡಾಟಗಳಲ್ಲಿ ಮೈಲೇಜ್ ಬೀಳುವುದು ಸಹಜ. ಸಿಗ್ನಲ್‌ನಲ್ಲಿ ಎಂಜಿನ್ ಆನ್ ಇಟ್ಟು ನಿಂತರೆ ಇಂಧನ ಉರಿಯುತ್ತಲೇ ಇರುತ್ತದೆ, ದೂರ ಮಾತ್ರ ಸೊನ್ನೆ. ಇಳಿಜಾರಿನಲ್ಲಿ ಗೇರ್‌ನಲ್ಲಿದ್ದಂತೆಯೇ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಬಹುತೇಕ ಇಂದಿನ ಕಾರುಗಳಲ್ಲಿ ಎಂಜಿನ್‌ಗೆ ಇಂಧನ ಚಿಮ್ಮಿಸುವ ಇಂಜೆಕ್ಟರ್‌ಗಳು ಸ್ವಲ್ಪ ಹೊತ್ತು ಪೂರ್ತಿ ಮುಚ್ಚಿಕೊಳ್ಳುತ್ತವೆ. ಆಗ ಆ ಕ್ಷಣದ ಮೈಲೇಜ್ ಪರದೆಯ ಗರಿಷ್ಠ ಮಿತಿಗೆ ಹಾರುತ್ತದೆ. ವೇಗ ದ್ವಿಗುಣವಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಏಸಿ, ಟೈರಿನ ಕಡಿಮೆ ಗಾಳಿ, ಹೆಚ್ಚಿನ ಹೊರೆ ಎಲ್ಲವೂ ತಮ್ಮ ಪಾಲು ಕೇಳುತ್ತವೆ.

ಕೆಲವು ಕಾರುಗಳು ಇಂಧನ ತುಂಬಿಸಿದಾಗ ತಾವಾಗಿಯೇ ರೀಸೆಟ್ ಆಗುತ್ತವೆ; ಅದು ತಿಳಿಯದೆ ನಿನ್ನೆಯ ಅಂಕಿಗೆ ಇಂದಿನದನ್ನು ಹೋಲಿಸಿ ಫಲವಿಲ್ಲ. ಟ್ಯಾಂಕ್ ಫುಲ್ ಮಾಡಿಸಿ, ಮತ್ತೆ ಫುಲ್ ಮಾಡಿಸುವವರೆಗಿನ ದೂರವನ್ನು ಎರಡನೆಯ ಸಲ ಹಿಡಿದ ಲೀಟರುಗಳಿಂದ ಭಾಗಿಸುವ ಹಳೆಯ ಕ್ರಮವೇ ನನಗೆ ಹೆಚ್ಚು ನಂಬಿಕೆಯದು. ಆದರೂ ಪಂಪಿನ ನಳಿಕೆ ಪ್ರತಿಸಲ ಒಂದೇ ಮಟ್ಟಕ್ಕೆ ನಿಲ್ಲುವುದಿಲ್ಲ: ಅರ್ಧ ಲೀಟರಿನ ಹೆಚ್ಚುಕಡಿಮೆ 10 ಲೀಟರ್ ತುಂಬಿಸಿದಾಗ ಶೇ. 5ರಷ್ಟು ತಪ್ಪು ತೋರಿಸಿದರೆ, 40 ಲೀಟರ್ ತುಂಬಿಸಿದಾಗ ಶೇ. 1ಕ್ಕಿಂತ ತುಸು ಹೆಚ್ಚು ಮಾತ್ರ.